ರಿಪೀಟ್ ಕೇಳದ ಸಂಪತ್‌ಕುಮಾರ ಮಾಸ್ಟ್ರು

ಈ ಶಾಲೆಯ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿಕೊಂಡು ಕೂತಿರುವ ಹಿರಿಯರಿಗೆ, ಗೋಡೆಗೆ ಒರಗಿ ನಿಂತವರಿಗೆ, ಮೂಡಬಿದಿರೆಯಿಂದ ಬಸ್ಸು ಹಿಡಿದು ಬಂದ ನೆಂಟರಿಗೆ — ಎಲ್ಲರಿಗಿಂತ ಮೊದಲು, ಮುಂದಿನ ಸಾಲಿನಲ್ಲಿರುವ ಮಾಸ್ಟ್ರ ಮಡದಿ ಅನಂತಮತಿ ಅಮ್ಮನವರಿಗೆ — ನನ್ನ ನಮಸ್ಕಾರ.

ನಾನು ಸುಬ್ಬಪ್ಪ. ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ದಾರಿಯ ನಮ್ಮ ಸಣ್ಣ ಪೋಸ್ಟಾಫೀಸಿನಲ್ಲಿ ಸ್ಟಾಂಪು ಮಾರುವವ. ತೀರಿಹೋದ ಸಂಪತ್‌ಕುಮಾರ ಮಾಸ್ಟ್ರು ಅಲ್ಲಿ ತಂತಿ ಕೇಳುವವರು, ತಂತಿ ಮಾಸ್ಟ್ರು. ನಮ್ಮಿಬ್ಬರ ಮೇಜಿನ ನಡುವೆ ಒಂದು ಗೋಡೆಯೂ ಇರಲಿಲ್ಲ. ಆದರೂ ಅವರು ನನ್ನನ್ನು ನೋಡುವಾಗ ಬಹಳ ದೂರದಿಂದ ನೋಡುತ್ತಿದ್ದರು.

ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು — ಪದ್ಧತಿ ಉಂಟು. ನನಗಿಂತ ಮೊದಲು ಮಾತಾಡಿದವರು ಅದನ್ನು ಪಾಲಿಸಿದರು. ಒಬ್ಬರು ಮಾಸ್ಟ್ರನ್ನು ದೇವರಂಥವರು ಎಂದರು. ಒಪ್ಪಿದೆ. ದೇವರೂ ಹಾಗೆಯೇ, ಒಮ್ಮೆ ಬರೆದದ್ದನ್ನು ತಿದ್ದುವುದಿಲ್ಲ.

ಮಾಸ್ಟ್ರ ದೊಡ್ಡ ಗುಣ ಒಂದೇ. ಇಡೀ ನೌಕರಿಯಲ್ಲಿ ಅವರು ರಿಪೀಟ್ ಕೇಳಲಿಲ್ಲ. ಒಮ್ಮೆಯೂ — ಕೇಳಲಿಲ್ಲ. ಅದಕ್ಕಾಗಿ ಮೇಲಿನವರು ಪ್ರಶಸ್ತಿ ಪತ್ರ ಕೊಟ್ಟರು. ಅದನ್ನು ಇಲ್ಲಿ ಫೋಟೋದ ಪಕ್ಕದಲ್ಲಿ ಇಟ್ಟಿದ್ದಾರೆ. ಅದಕ್ಕೂ ಹಾರ ಹಾಕಿದ್ದಾರೆ. ಫೋಟೋದ ಹಾರಕ್ಕಿಂತ ದಪ್ಪದ್ದು.

ರಿಪೀಟ್ ಅಂದರೇನು ಅಂತ ಹಿಂದೆ ಕೂತವರು ಕೇಳಬಹುದು. ನೋಡಿ — ತಂತಿಯಲ್ಲಿ ಅಕ್ಷರ ಬರುವುದಿಲ್ಲ. ಬರುವುದು ಎರಡೇ ಶಬ್ದ: ಒಂದು ಗಿಡ್ಡ, ಒಂದು ಉದ್ದ. ಹೆಂಚಿನ ಮೇಲೆ ಮಳೆ ಬಿದ್ದ ಹಾಗೆ, ಕಟ್ಟ-ಕಡ, ಕಟ್ಟ-ಕಡ. ಆ ಮಳೆಯನ್ನು ಕತ್ತರಿಸಿ ಅಕ್ಷರ ಮಾಡಬೇಕು, ಅಕ್ಷರ ಕೂಡಿಸಿ ಪದ ಮಾಡಬೇಕು. ಒಂದೊಂದು ಟೆಲಿಗ್ರಾಮಿಗೂ ಬಂಗುಡೆ ಮೀನಿನ ಹಾಗೆ ತಲೆ, ಹೊಟ್ಟೆ, ಬಾಲ ಉಂಟು. ಮಾಸ್ಟ್ರ ಎದುರು ಮೀನಿನ ಹೆಸರು ಹೇಳಿದರೆ ಮೂಗು ಮುಚ್ಚುತ್ತಿದ್ದರು. ಈಗ ಹೇಳಬಹುದು. ತಲೆಯಲ್ಲಿ ಎಷ್ಟು ಪದ ಬರಲಿಕ್ಕುಂಟು ಎಂಬ ಲೆಕ್ಕ, ಅದರ ಹಿಂದೆ ವಿಳಾಸ. ಹೊಟ್ಟೆಯಲ್ಲಿ ಸುದ್ದಿ. ಬಾಲದಲ್ಲಿ 'ಮುಗಿಯಿತು' ಎಂಬ ಗುರುತು. ಬರೆದ ಮೇಲೆ ಹೊಟ್ಟೆಯ ಪದ ಎಣಿಸಬೇಕು. ತಲೆಯ ಲೆಕ್ಕಕ್ಕೆ ಸರಿಬಿದ್ದರೆ ಸರಿ. ಬೀಳದಿದ್ದರೆ ಆಚೆಯವನಿಗೆ ಹೇಳಬೇಕು — ಇನ್ನೊಮ್ಮೆ ಕಳಿಸು ಮಾರಾಯ. ಇಷ್ಟೇ ರಿಪೀಟ್. ತಂತಿ ಹಂಚುವ ನಮ್ಮ ಡೊಂಬಯ್ಯ ಊಟಕ್ಕೆ ಕೂತರೆ ಸಾರನ್ನು ಹೀಗೆ ಮೂರು ಸಲ ಕೇಳುತ್ತಾನೆ. ಅವನಿಗೆ ಮರ್ಯಾದೆ ಹೋಗಲಿಲ್ಲ.

ಮಾಸ್ಟ್ರಿಗೆ ಹೋಗುತ್ತಿತ್ತು.

ಈಗ ಆ ಸಂಜೆಯ ವಿಷಯ. ಅರುವತ್ತೊಂದನೆಯ ಇಸವಿ. ಮಾಸ್ಟ್ರು ಸೂರ್ಯ ಮುಳುಗುವ ಮೊದಲು ಊಟ ಮುಗಿಸುವವರು, ಅವರ ಮನೆತನದ ನೇಮ. ಒಳ್ಳೆಯ ನೇಮ. ತಂತಿಯಲ್ಲಿ 'ಸ್ವಲ್ಪ ತಾಳು' ಅಂತ ಹೇಳಲಿಕ್ಕೂ ಒಂದು ಗುರುತು ಉಂಟು. ಅದನ್ನು ಒತ್ತಿದರೆ ಆಚೆಯವ ತಾಳುತ್ತಾನೆ. ಆದರೆ ತಾಳು ಅನ್ನುವುದು ರಿಪೀಟಿನ ತಮ್ಮ ಅಲ್ಲವೋ? ಮಾಸ್ಟ್ರು ಹೇಳಲಿಲ್ಲ. ಬುತ್ತಿ ಬಿಚ್ಚಿದರು. ಬಲಗೈಯಲ್ಲಿ ಅನ್ನ, ಕಿವಿಯಲ್ಲಿ ತಂತಿ. ಒಂದು ಟೆಲಿಗ್ರಾಂ ಬಂತು, ಬೆನ್ನಿಗೇ ಇನ್ನೊಂದು ಬಂತು. ಎರಡನ್ನೂ ಬರೆಯದೆ ನೆನಪಿನಲ್ಲೇ ಇಟ್ಟುಕೊಂಡರು. ಮಜ್ಜಿಗೆ ಮುಗಿಸಿ, ಕೈ ತೊಳೆದು, ಬಾಯಿ ಒರಸಿ, ಆಮೇಲೆ ಪೆನ್ನು ಎತ್ತಿದರು.

ನಾನು ನೋಡುತ್ತಿದ್ದೆ. ಬರೆದದ್ದನ್ನು ಎಣಿಸಿದರು. ಒಮ್ಮೆ ಹುಬ್ಬು ಗಂಟಿಕ್ಕಿದರು. ಮತ್ತೆ — ತಲೆಯ ಲೆಕ್ಕವನ್ನು ಹೊಡೆದುಹಾಕಿ ಹೊಟ್ಟೆಗೆ ಸರಿಯಾಗಿ ತಿದ್ದಿದರು.

"ಏನು ಮಾಸ್ಟ್ರೇ?" ಅಂದೆ.

"ಆಚೆಯವನಿಗೆ ಎಣಿಸಲಿಕ್ಕೆ ಬರುವುದಿಲ್ಲ ಸುಬ್ಬಪ್ಪ" ಅಂದರು.

ಒಂದು ಟೆಲಿಗ್ರಾಂ ಗುಡ್ಡದಾಚೆಯ ಚನಿಯಪ್ಪನಿಗೆ, ಒಂದು ಹೊಳೆಬದಿಯ ಸಫಿಯಮ್ಮನಿಗೆ. ಇಬ್ಬರಿಗೂ ಮುಂಬಯಿಯಲ್ಲಿ ಒಬ್ಬೊಬ್ಬ ಮಗ. ಪದಕ್ಕೆ ಕಾಸು ಕೊಡಬೇಕಲ್ಲ, ಹಾಗಾಗಿ ಕಳಿಸಿದವರು ಯಾರೂ ಸುದ್ದಿಯಲ್ಲಿ ಹೆಸರು ಹಾಕಿರಲಿಲ್ಲ. ಡೊಂಬಯ್ಯ ಸೈಕಲ್ಲು ಹತ್ತಿ ಎರಡನ್ನೂ ತಲುಪಿಸಿದ.

ಚನಿಯಪ್ಪನ ಟೆಲಿಗ್ರಾಮಿನಲ್ಲಿ ಇತ್ತು: ನಿಮ್ಮ ಮಗ ಜ್ವರದಲ್ಲಿ ತೀರಿಕೊಂಡ, ಇಲ್ಲೇ ಹೂಳಿದೆವು. ಚನಿಯಪ್ಪ ಅಳುತ್ತಾ ಆಫೀಸಿಗೆ ಬಂದ. "ನಮ್ಮಲ್ಲಿ ಸುಡುವ ಕ್ರಮ ಅಲ್ಲವೋ ಮಾಸ್ಟ್ರೇ, ಹೂಳಿದ್ದು ಯಾಕೆ?" ಅಂತ ಕೇಳಿದ. ಎಷ್ಟು ಸರಿಯಾದ ಪ್ರಶ್ನೆ. ಮಾಸ್ಟ್ರು ತಲೆ ಎತ್ತದೆ ಹೇಳಿದರು, "ಮುಂಬಯಿಯಲ್ಲಿ ಸೌದೆಗೆ ಬರ ಉಂಟು."

ನಗಬಹುದು. ನಾನೂ ನಗುತ್ತೇನೆ, ಆಮೇಲೆ.

ಸೋಮವಾರ ಚನಿಯಪ್ಪನ ಮಗ ಟ್ರಂಕು ಹೊತ್ತುಕೊಂಡು ಮನೆಯ ಅಂಗಳಕ್ಕೆ ಬಂದ. ಅಲ್ಲಿ ತಮ್ಮನ ತಲೆ ಬೋಳಿಸಿ ಆಗಿತ್ತು.

"ಏನೋ, ತಿರುಪತಿಗೆ ಹೋಗಿದ್ದೆಯಾ?" ಅಂತ ಕೇಳಿದ ಅಣ್ಣ.

"ಇಲ್ಲಣ್ಣ. ನೀನು ಸತ್ತದ್ದಕ್ಕೆ" ಅಂದ ತಮ್ಮ.

ಅವರ ತಾಯಿ ರಾಜೀವಿ ಪೊರಕೆ ಹಿಡಿದು ಬಂದಳಂತೆ. ಪ್ರೇತವಾದರೆ ಹೋಗಲಿ, ಮಗನಾದರೆ ಒಂದು ಏಟು ಇರಲಿ ಅಂತ. ಹೇಳದೆ ಕೇಳದೆ ಬಂದದ್ದಕ್ಕೆ. "ತಂತಿ ಕೊಟ್ಟಿದ್ದೇನಲ್ಲ ಅಮ್ಮಾ, ಸೋಮವಾರ ಬರ್ತೇನೆ ಅಂತ" ಅಂದ ಅವನು, ಏಟು ತಿಂದಮೇಲೆ. ಮರುದಿನ ಚನಿಯಪ್ಪ ಆಫೀಸಿಗೆ ಬಂದು ಮಾಸ್ಟ್ರ ಮೇಜಿನ ಮೇಲೆ ಒಂದು ಬಾಳೆಗೊನೆ ಇಟ್ಟ. ಕೋಪ ಮಾಡಲಿಲ್ಲ. ಮಗ ಬದುಕಿದ್ದಾನಲ್ಲ. ಇಡೀ ಊರು ನಕ್ಕಿತು. ನಾವೆಲ್ಲ ಹಣ್ಣು ತಿಂದೆವು.

ತಿನ್ನುತ್ತಿರುವಾಗ ಕಿಟಕಿಯ ಹತ್ತಿರ ಸಫಿಯಮ್ಮ ಬಂದರು.

ನಮ್ಮ ಕಡೆ ತಂತಿ ಅಂದರೆ ಸಾವು, ನಿಮಗೆ ಗೊತ್ತುಂಟು. ಡೊಂಬಯ್ಯನ ಸೈಕಲ್ಲು ನಿಂತ ಕೂಡಲೇ ಸಫಿಯಮ್ಮ ಎದೆ ಬಡಿದುಕೊಂಡು ಅತ್ತಿದ್ದರಂತೆ. ಅವನು ಓದಿ ಹೇಳಿದ: ಸೋಮವಾರ ತಲುಪುತ್ತೇನೆ. ಅತ್ತ ಕಣ್ಣಲ್ಲೇ ನಕ್ಕರು. ಅಕ್ಕಿ ಅರೆದು ಪತ್ತಿರ್ ರೊಟ್ಟಿ ಸುಟ್ಟರು, ನೆರೆಮನೆಯ ನಫೀಸಮ್ಮನಿಗೂ ಐಸಮ್ಮನಿಗೂ ಹಂಚಿದರು. ಸೋಮವಾರ ಬಿ.ಸಿ.ರೋಡಿಗೆ ಹೋಗಿ ಬಂದ ಬಂದ ಬಸ್ಸಿನ ಬಾಗಿಲಲ್ಲಿ ನಿಂತು ನೋಡಿದರು. ಮಂಗಳವಾರವೂ ನೋಡಿ, ಅಲ್ಲಿಂದ ನೇರ ನಮ್ಮಲ್ಲಿಗೆ ಬಂದಿದ್ದರು.

"ನನ್ನ ಇದಿನಬ್ಬ ಬರಲಿಲ್ಲ ಮಾಸ್ಟ್ರೇ. ಒಮ್ಮೆ ನೋಡಿ ಹೇಳಿ."

ಆಫೀಸಿನಲ್ಲಿ ಬಾಳೆಹಣ್ಣು ಬಾಯಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಾಯಿತು, ಒಂದರ ಹೊಟ್ಟೆ ಇನ್ನೊಂದರ ತಲೆಗೆ ಸೇರಿದೆ, ಸತ್ತದ್ದು ಯಾರು ಅಂತ. ನಾನು ಎದ್ದು ಮಾಸ್ಟ್ರ ಕಿವಿಯಲ್ಲಿ ಹೇಳಿದೆ, "ಒಂದು ಸಲ ಕೇಳಿ. ಆಚೆಯಲ್ಲಿ ಇನ್ನೂ ಪ್ರತಿ ಉಂಟು. ರಿಪೀಟ್ ಕೇಳಿ."

"ಕೇಳಿದರೆ ನನ್ನ ಹೆಸರಿನ ಮುಂದೆ ಒಂದು ತಪ್ಪು ಬೀಳ್ತದೆ" ಅಂದರು. "ಚನಿಯಪ್ಪನದ್ದು ಆಚೆಯವನ ತಪ್ಪು. ಇವರದ್ದು ಸರಿ ಉಂಟು."

ಮತ್ತೆ ಕಿಟಕಿಗೆ ತಿರುಗಿ ಬಹಳ ಮೃದುವಾಗಿ — ಅವರು ಮೃದುವಾಗಿ ಮಾತಾಡಿದ್ದು ನಾನು ಕೇಳಿದ್ದು ಅದೊಂದೇ ಸಲ — "ಬರ್ತಾನೆ ಅಮ್ಮಾ. ತಂತಿ ಸುಳ್ಳು ಹೇಳುವುದಿಲ್ಲ" ಅಂದರು.

ಅಂದು ಸಂಜೆಯೇ ಡೊಂಬಯ್ಯನನ್ನು ಕರಕೊಂಡು ನಾನು ಹೊಳೆಬದಿಗೆ ಹೋದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸಫಿಯಮ್ಮ ಪೂರ್ತಿ ಕೇಳಿದರು. ಕುಡಿಯಲಿಕ್ಕೆ ಚಹಾ ಕೊಟ್ಟರು. ಆಮೇಲೆ ಹೇಳಿದರು, "ನೀನು ಸ್ಟಾಂಪು ಮಾರುವವ, ಮಗಾ. ಅವರು ತಂತಿ ಕೇಳುವವರು." ಮತ್ತೊಮ್ಮೆ ಮುಂಬಯಿಯಿಂದ ಬಂದ ಒಬ್ಬ, ಇದಿನಬ್ಬನ ಗೋರಿ ಕಣ್ಣಾರೆ ನೋಡಿದ್ದೇನೆ ಅಂದ. ಅದು ಬೇರೆ ಇದಿನಬ್ಬ ಅಂದರು ಸಫಿಯಮ್ಮ. ಮಸೀದಿಯವರು ಸತ್ತವನಿಗೆ ಮಾಡುವ ಪ್ರಾರ್ಥನೆ ಮಾಡುವ ಅಂದರು. ಬದುಕಿದ ಮಗನಿಗೆ ಅಂಥ ಪ್ರಾರ್ಥನೆ ಮಾಡಿಸಿದರೆ ಪಾಪ ತಟ್ಟುವುದು ತಾಯಿಗೆ, ಮಾಸ್ಟ್ರು ಒಂದು ಮಾತು ಹೇಳಲಿ, ಮತ್ತೆ ಮಾಡುವ — ಅಂದರು ಸಫಿಯಮ್ಮ.

ಒಂದು ಮಾತು. ಎಂಟು ವರ್ಷ ಅದನ್ನು ಕೇಳಲಿಕ್ಕೆ ಆ ಕಿಟಕಿಗೆ ಬಂದರು. ಪ್ರತಿ ಸಲವೂ ಮಾಸ್ಟ್ರು ಅದೇ ಉತ್ತರ ಕೊಟ್ಟರು: ಬರ್ತಾನೆ. ಎಂಥ ಸ್ಥಿರಬುದ್ಧಿ ನೋಡಿ. ನಿವೃತ್ತಿಯ ದಿನ ಪ್ರಶಸ್ತಿ ಪತ್ರ ಕೈಗೆ ಬಂದಾಗಲೂ ಸಫಿಯಮ್ಮ ಬಾಗಿಲಲ್ಲಿ ನಿಂತು ಕೈ ಮುಗಿದರು. ತಂತಿ ಮಾಸ್ಟ್ರಿಗೆ ಮರ್ಯಾದೆ ಸಿಕ್ಕಿತಲ್ಲ ಅಂತ ಅವರಿಗೆ ಸಂತೋಷ.

ಅನಂತಮತಿ ಅಮ್ಮಾ, ನೀವು ತಲೆ ತಗ್ಗಿಸಬೇಡಿ. ಇದು ನಿಮಗೆ ಹೊಸ ಸುದ್ದಿ ಅಲ್ಲ ಅಂತ ನನಗೆ ಗೊತ್ತುಂಟು. ಕಾಯಿಲೆಯಲ್ಲಿ ಮಲಗಿದ ಮಾಸ್ಟ್ರ ಹತ್ತಿರ ನೀವೂ ಕೇಳಿದಿರಂತೆ — ಆ ಹೆಂಗಸಿಗೆ ಹೇಳಿಬಿಡಿ ಅಂತ. ಅವರು ಗೋಡೆಯ ಕಡೆ ತಿರುಗಿ ಮಲಗಿದರಂತೆ. ಹಾಗೆಯೇ ಹೋದರು. ಶಾಂತವಾದ ಮರಣ ಅಂತ ಪೇಪರಿನಲ್ಲಿ ಹಾಕಿದ್ದೇವೆ.

ಈಗ ಎಲ್ಲರೂ ಒಮ್ಮೆ ಹಿಂದೆ ನೋಡಿ. ಬಾಗಿಲ ಹತ್ತಿರ, ಕರಿ ಕೊಡೆ ಮಡಿಲಲ್ಲಿಟ್ಟು ಕೂತವರು ಸಫಿಯಮ್ಮ. ಸಭೆಗೆ ಮೊದಲು ನನ್ನ ಹತ್ತಿರ ಬಂದು ಕೇಳಿದರು, "ಮಾಸ್ಟ್ರು ಹೋಗುವಾಗ ನನ್ನ ಮಗನ ವಿಷಯ ಏನಾದರೂ ಹೇಳಿ ಹೋದರಾ?"

ನಾನು ಅವರನ್ನು ಆ ಬೆಂಚಿನಲ್ಲಿ ಕೂರಿಸಿದೆ. ನನ್ನ ಉತ್ತರವನ್ನು ಅವರು ನಂಬುವುದಿಲ್ಲ.

ಹಾಗಾಗಿ ಬಂಧುಗಳೇ, ಮೌನಕ್ಕೆ ನಿಲ್ಲುವ ಹೊತ್ತಾಯಿತು. ಮಾಸ್ಟ್ರಿಗಾಗಿ ನಿಲ್ಲಲು ಬಂದವರು ಮಾಸ್ಟ್ರಿಗಾಗಿ ನಿಲ್ಲಿ, ನನ್ನ ಅಡ್ಡಿ ಇಲ್ಲ. ಆದರೆ ಅದು ಎರಡನೆಯ ಮೌನ. ಮೊದಲನೆಯದು ಅರುವತ್ತೊಂದರಲ್ಲಿ ಮುಂಬಯಿಯಲ್ಲಿ ಜ್ವರ ಬಂದು ಸತ್ತ, ಸಫಿಯಮ್ಮನ ಮಗ ಇದಿನಬ್ಬನಿಗೆ. ಬಸ್ಸಿನಿಂದ ಇಳಿಯಲಿಕ್ಕಿರುವವನಿಗಾಗಿ ಯಾವ ಊರೂ ಹೀಗೆ ಎದ್ದು ನಿಲ್ಲುವುದಿಲ್ಲ. ಸಫಿಯಮ್ಮ ಅದನ್ನು ನೋಡಲಿ.

ಸಫಿಯಮ್ಮ, ನೀವು ಕೂತುಕೊಳ್ಳಿ.

ಉಳಿದವರು ಸ್ವಲ್ಪ ತಾಳಿ. ಸ್ಟಾಂಪು ಮಾರುವವ ನಿಂತರೆ ಆಗುವುದಿಲ್ಲ, ಊರವರು ಎದ್ದರೂ ಸಾಲದು. ಮಾಸ್ಟ್ರು ಹೇಳದೆ ಹೋದ ಆ ಒಂದು ಮಾತಿಗೆ ಮಾಸ್ಟ್ರ ಮನೆಯಿಂದಲೇ ಒಬ್ಬರು ಏಳಬೇಕು.

ಅನಂತಮತಿ ಅಮ್ಮಾ — ಮೊದಲು ನೀವು.