ಗುಂಡು ತಡೆಯುವ ಬಟ್ಟೆ

ನಮ್ಮ ಮನೆಯಲ್ಲಿ ಹಂದಿ ಕೊಯ್ದ ದಿನ ಅದು. ಹಂದಿಯ ಕರುಳಿಗೆ ತುಂಬಲು ಅಮ್ಮ ರಕ್ತಕ್ಕೆ ಅನ್ನ, ಈರುಳ್ಳಿ ಕಲಸುತ್ತಿದ್ದಳು. ಆಗ ಸುದ್ದಿ ಬಂತು. ಹಿಂದಿನ ರಾತ್ರಿ ಕಣಿವೆಯಲ್ಲಿ ಸರ್ಕಾರದ ಸೈನಿಕರು ನಮ್ಮ ಕಾವಲುಗಾರರ ಮೇಲೆ ಬಿದ್ದಿದ್ದರು. ನನ್ನ ತಮ್ಮ ಬಾಬಿಲ್ ಸತ್ತಿದ್ದ.

ಗದ್ದುಗೆ ತನ್ನದೆಂದ ದೊರೆ ಕಾರ್ಲೋಸನ ಪರ ಸರ್ಕಾರದ ವಿರುದ್ಧ ಕೋವಿ ಹಿಡಿದ ನಮ್ಮ ನವಾರಾ ಸೀಮೆಯ ಹುಡುಗರೆಲ್ಲ ಎದೆಯ ಮೇಲೆ ಯೇಸುವಿನ ಹೃದಯದ ಚಿತ್ರವಿರುವ ಬಟ್ಟೆಯ ತುಂಡು ಹಾಕುತ್ತಿದ್ದರು. 'ಗುಂಡೇ, ನಿಲ್ಲು' ಎಂದು ಅದರ ಮೇಲೆ ಮನೆಯ ಹೆಂಗಸರೇ ಹೊಲಿಯಬೇಕು. ಅಮ್ಮ ಬಾಬಿಲನಿಗೊಂದು, ತನ್ನ ತಂಗಿಯ ಮಗ ವೆರೆಮುಂದೋಗೊಂದು ಹೊಲಿದಿದ್ದಳು. ಬಾಬಿಲನದಕ್ಕೆ ಅಂಚು ಕಟ್ಟುವಾಗ ಕೆಂಪು ದಾರ ಮುಗಿದು ನೀಲಿ ಹಾಕಿದಳು. ಗುಂಡು ಅದರ ನಡುವೆಯೇ ತೂರಿತ್ತು. ಆ ಬಟ್ಟೆಯನ್ನು ಹಾಗೇ ಎದೆಯ ಮೇಲಿಟ್ಟು ಅವನನ್ನು ಹೂಳಿದೆವು.

ಆ ಕಾವಲಿನಲ್ಲಿ ಬದುಕಿದವನು ವೆರೆಮುಂದೋ ಒಬ್ಬನೇ. ಮೈಮೇಲೆ ಗೀರೂ ಇಲ್ಲ.

"ಏನಪ್ಪಾ, ನಿನ್ ಬಟ್ಟೆ ಯಾವ ಸಂತೇದು? ನಮ್ಗೂ ಒಂದ್ ತಂದ್ಕೊಡು," ಎಂದು ಹೆಂಡದಂಗಡಿಯಲ್ಲಿ ಕೆಣಕುತ್ತಿದ್ದರು. ಅವನೇ ಶತ್ರುಗಳಿಗೆ ಕಾವಲಿನ ಗುಟ್ಟಿನ ಗುರುತಿನ ಮಾತು ಹೇಳಿಕೊಟ್ಟನೆಂದು ಊರಿನ ಗುಮಾನಿ. ನನಗೂ ಇತ್ತು. ಅಮ್ಮ ಅವನಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಕೊನೆಗೆ ದಳದ ನಾಯಕ ವಿಚಾರಣೆಗೆ ಕರೆದ. ತಪ್ಪು ಅವನದೆಂದಾದರೆ ಚರ್ಚಿನ ಗೋಡೆಗೆ ನಿಲ್ಲಿಸಿ ಗುಂಡು.

ವಿಚಾರಣೆಯ ಹಿಂದಿನ ರಾತ್ರಿ ವೆರೆಮುಂದೋ ಹಳೇ ಬಾವಿಯ ಪಕ್ಕ ಮನೆಗೆ ಹೋಗುತ್ತಿದ್ದ. ಅವನು ಹೇಳಿದ್ದನ್ನೇ ಹೇಳುತ್ತೇನೆ. ಬಾವಿಯ ಸರಪಳಿ ಕಿರ್ರ್... ಎಂದಿತು. ನಿಂತಿತು. ಹಿಂದೆ ಹಗ್ಗದ ಅಟ್ಟೆಯ ಚಪ್ಪಲಿ... ಸರ್... ಸರ್...

"ಯಾರದು?"

"ನಾನು... ವೆರೆಮುಂದೋ."

"ಗುರುತಿನ ಮಾತು?"

ಬಾಬಿಲನ ದನಿ. ಕಣಿವೆಯ ಆ ರಾತ್ರಿಯ ಮಾತನ್ನೇ ಇವನು ಹೇಳಿದ.

"ಇನ್ಯಾರಿಗ್ ಹೇಳಿದ್ಯಣ್ಣ ಇದನ್ನ?"

"ಯಾರ್ಗೂ ಇಲ್ಲ ಕಣೋ..."

"ಮತ್ಯಾಕ್ ನಡುಗ್ತೀಯ? ನಿಂದು ಗುಂಡು ತಡೀತು, ನಂದು ತಡೀಲಿಲ್ಲ. ಬಾ... ಬದಲಾಯಿಸ್ಕೊಳ್ಳೋಣ."

ಎದೆಯ ಮೇಲೆ ತಣ್ಣನೆಯ ಬೆರಳು. ದಾರ ಕಿತ್ತ ಸದ್ದು... ಪಟ್... ಪಟ್...

ಅವನು ನಮ್ಮ ಬಾಗಿಲು ಬಡಿದ. ಅವತ್ತು ಅಮ್ಮ ತೆರೆದಳು.

"ಕುಡ್ದಿದ್ಯೇನೋ?"

"ಒಂದ್ ತೊಟ್ಟೂ ಇಲ್ಲ, ದೊಡ್ಡಮ್ಮ. ನನ್ನೆದೆ ನೋಡು... ನಂಗ್ ನೋಡೋಕಾಗಲ್ಲ."

ನಾನು ಮಕ್ಕಳಿಗೆ ಪಾಠ ಹೇಳುವವಳು. ಕಾಣದ್ದನ್ನು ಕಂಡೆ ಎನ್ನುವ ಅಭ್ಯಾಸ ನನಗಿಲ್ಲ. ದೀಪವನ್ನು ನಾನೇ ಹತ್ತಿರ ಹಿಡಿದೆ. ಬಟ್ಟೆಯ ನಡುವೆ ಒಂದು ತೂತು. ಅಂಚಿನ ದಾರ ನೀಲಿ.