ಜನಾನುರಾಗಿಯ ಕಾಲುನೋವು

ನೇಕಾರರ ಸಂಘದ ಅಧ್ಯಕ್ಷರಾದ ಶ್ರೀಧರ್ ಅವರೇ, ಬೆಂಗಳೂರಿನಿಂದ ಬಂದಿರುವ ಅತಿಥಿ ಡಾಕ್ಟರ್ ಅರ್ಪಿತ ಅವರೇ, ಮಗ್ಗ ನಿಲ್ಲಿಸಿ ಬಂದಿರುವ ದೊಡ್ಡಬಳ್ಳಾಪುರದ ನನ್ನ ಸಭಿಕರೇ,

ಈಗಷ್ಟೇ ನನ್ನ ಸನ್ಮಾನಪತ್ರ ಓದಿದರು. ‘ಕೋದಂಡರಾಮಯ್ಯನವರು ಬೀದಿಗೆ ಹೊರಟರೆ ಮನೆಮನೆಯ ಮುಂದೆ ನಿಂತು ಕ್ಷೇಮ ಸಮಾಚಾರ ಕೇಳುವ ಜನಾನುರಾಗಿ’ ಎಂದರು. ಚಪ್ಪಾಳೆಯೂ ಬಿತ್ತು. ನಿಜ ಹೇಳಿಬಿಡುತ್ತೇನೆ. ನಾನು ನಿಲ್ಲುತ್ತಿದ್ದದ್ದು ಕಾಲು ನೋಯುತ್ತಿದ್ದುದರಿಂದ. ಇದನ್ನು ಇವತ್ತೇ ಹೇಳುವುದಕ್ಕೆ ಕಾರಣವಿದೆ: ಈ ಸಭೆಯಲ್ಲಿ ಕೂತಿರುವ ಒಬ್ಬರು ಕಾಲು ಕಳೆದುಕೊಳ್ಳುವ ಅಪಾಯದಲ್ಲಿದ್ದಾರೆ.

ನಾಲ್ಕು ಮನೆ ದಾಟುವಷ್ಟರಲ್ಲಿ ಸೊಂಟದ ಕೆಳಗೆ, ತೊಡೆಯಲ್ಲಿ ಹಿಡಿದುಕೊಳ್ಳುತ್ತಿತ್ತು. ಸ್ವಲ್ಪ ನಿಂತರೆ ಬಿಡುತ್ತಿತ್ತು. ಬೀದಿಯಲ್ಲಿ ಸುಮ್ಮನೆ ನಿಂತರೆ ಜನ ಏನೆಂದಾರು? ಅದಕ್ಕೇ ‘ಮಗಳಿಗೆ ಗಂಡು ಗೊತ್ತಾಯ್ತೇನಮ್ಮಾ? ಸೀರೆ ಮಾರಾಟ ಆಯ್ತೇನಪ್ಪಾ?’ ಎನ್ನುತ್ತಿದ್ದೆ. ಉತ್ತರ ಮುಗಿಯುವ ಮೊದಲೇ ನೋವು ಹೋದರೆ ನಾನೂ ಹೋಗಿಬಿಡುತ್ತಿದ್ದೆ. ಅದನ್ನೇ ನೀವು ಪ್ರೀತಿ ಎಂದಿರಿ. ಸಂಘದ ಚುನಾವಣೆಯಲ್ಲೂ ಗೆಲ್ಲಿಸಿದಿರಿ!

ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ? ನಮ್ಮಲ್ಲಿ ಯಾರಿಗೆ ಸೊಂಟ ನೋಯುವುದಿಲ್ಲ ಹೇಳಿ? ಕರೆಂಟು ಮಗ್ಗದ ಮುಂದೆ ನಿಂತವರಿಗೆಲ್ಲ ಸೊಂಟನೋವು, ಸೊಂಟನೋವಿಗೆಲ್ಲ ಎಣ್ಣೆ. ಇದು ನಮ್ಮ ಶಾಸ್ತ್ರ. ಆದರೆ ನನಗೆ ಮಗ್ಗದ ಮುಂದೆ ನೋವೇ ಇರಲಿಲ್ಲ. ನಮ್ಮ ಮನೆಯವರು ನಾರಾಯಣಮ್ಮ, ‘ದಿನವೆಲ್ಲಾ ನಿಂತ್ಕಂಡ್ರೆ ನೋಯಲ್ಲ, ಅಂಗ್ಡಿಗೋಗಿ ಬನ್ನಿ ಅಂದ್ರೆ ನೋಯ್ತದೆ. ಎಂಥಾ ಬುದ್ಧಿವಂತ ನೋವಪ್ಪಾ ಇದು!’ ಎನ್ನುತ್ತಿದ್ದರು. ರೋಗದ ಗುರುತು ಅವರ ಮಾತಿನಲ್ಲೇ ಇತ್ತು, ನಮ್ಮಿಬ್ಬರಿಗೂ ತಿಳಿಯಲಿಲ್ಲ.

ಕೊನೆಗೊಮ್ಮೆ ತೋರಿಸಲು ಹೋದಾಗ, ವೇದಿಕೆಯಲ್ಲಿರುವ ಈ ಡಾಕ್ಟರಮ್ಮ ಅರ್ಪಿತ ಅವರು ಸೊಂಟ ಬಿಟ್ಟು ಪಾದದಲ್ಲಿ ನಾಡಿ ಹುಡುಕಿದರು. ಸಿಗಲಿಲ್ಲ. ಕಾಲಿಗೆ ರಕ್ತ ಒಯ್ಯುವ ನಾಳಗಳು ಕಿಬ್ಬೊಟ್ಟೆಯೊಳಗೆ ಕಟ್ಟಿಕೊಂಡಿವೆ, ನಿಂತಾಗ ಸಾಲುವ ರಕ್ತ ನಡೆಯುವಾಗ ಸಾಲದು, ನಾನು ಸೇದುವ ಬೀಡಿಯೇ ದೊಡ್ಡ ಕಾರಣ ಎಂದರು. ಸ್ಟೆಂಟ್ ಹಾಕಬೇಕೆಂದಾಗ ನಾರಾಯಣಮ್ಮ, ‘ಹಾರ್ಟಿಗಾಕೋದ್ನ ಸೊಂಟಕ್ಕಾಕ್ತೀರಾ?’ ಎಂದು ಜಗಳಕ್ಕೇ ನಿಂತರು. ತೊಡೆಯ ಸಂದಿನಲ್ಲಿ ಸಣ್ಣ ರಂಧ್ರ, ಅಲ್ಲಿಂದ ತಂತಿ, ಬಲೂನು, ಆಮೇಲೆ ಜಾಲರಿಯಂಥ ಲೋಹದ ಕೊಳವೆ. ನಾನು ಎಚ್ಚರವಾಗಿಯೇ ಇದ್ದೆ. ಬೀಡಿ ಬಿಟ್ಟೆ, ಮಾತ್ರೆ ಬಿಟ್ಟಿಲ್ಲ.

ಈಗ ಬಸ್‌ಸ್ಟ್ಯಾಂಡಿನವರೆಗೂ ನಿಲ್ಲದೆ ಹೋಗುತ್ತೇನೆ. ‘ಕೋದಂಡಣ್ಣಂಗೆ ಕೊಬ್ಬು ಬಂದ್ಬಿಟ್ಟಿದೆ ಕಣೋ, ಮಾತೇ ಆಡ್ಸಲ್ಲ’ ಎನ್ನುತ್ತಿದ್ದೀರಂತೆ. ನಿಮ್ಮ ಸಮಾಚಾರ ಕೇಳದೆ ನನಗೂ ಬೇಜಾರಾಗಿದೆ, ಸುಳ್ಳಲ್ಲ.

ನಾನು ಹೇಳಿದ ಆ ಒಬ್ಬರು ಮೂರನೆಯ ಸಾಲಿನಲ್ಲಿರುವ ಅಪ್ಪಯ್ಯಣ್ಣ. ಒಂದೇ ಮಗ್ಗದ ಮನೆಯಲ್ಲಿ ದುಡಿದವರು, ಒಂದೇ ಬೀಡಿ ಹಂಚಿಕೊಂಡವರು ನಾವು. ಈಚೆಗೆ ಅವನೂ ಗೇಟುಗೇಟಿಗೆ ನಿಂತು ಮಾತಾಡಿಸುತ್ತಾನೆ. ಹೆಬ್ಬೆರಳ ಗಾಯ ಎಷ್ಟು ಅರಿಸಿನ ಹಚ್ಚಿದರೂ ಮಾಯುತ್ತಿಲ್ಲ; ಕೇಳಿದರೆ ‘ಚಪ್ಪಲಿ ಕಚ್ಚೈತೆ, ಬಿಡ್ಲಾ’ ಎನ್ನುತ್ತಾನೆ. ಹಾಗೇ ಬಿಟ್ಟರೆ ಕಾಲನ್ನೇ ತೆಗೆಯಬೇಕಾದೀತು ಎಂದು ಡಾಕ್ಟರಮ್ಮ ಹೇಳಿದ್ದಾರೆ. ನನಗೆ ಭಯವಾಗಿದೆ. ವೇದಿಕೆಯ ಹಿಂದಿನ ಕೋಣೆಯಲ್ಲಿ ಅವನನ್ನು ಪರೀಕ್ಷಿಸಲು ಅವರು ಒಪ್ಪಿದ್ದಾರೆ.

ಅಪ್ಪಯ್ಯಣ್ಣಾ, ಎದ್ದೆಯಾ? ಬಾಗಿಲ ಕಡೆ ಹೊರಟೆಯಾ? ಹೊರಡು. ಬಾಗಿಲು ಮುಟ್ಟುವ ಮೊದಲು ಆ ಕಂಬದ ಹತ್ತಿರ ನೀನು ನಿಲ್ಲಲೇಬೇಕು. ನಾನು ನಿಲ್ಲಬೇಕಾಗಿಲ್ಲ.

ಶಾಲು ಹೊದಿಸಿದ ಎಲ್ಲರಿಗೂ ನನ್ನ ವಂದನೆಗಳು. ಸಭಿಕರೇ, ನನಗೆ ಸ್ವಲ್ಪ ದಾರಿ ಬಿಡಿ. ನಮಸ್ಕಾರ.