ಆಟ ಆಡಿಸುವವನ ಪಾಯಿಂಟು

ಬಂದಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಮಾಸ್ಟರ್ ಮನೆಯವರಿಗೆ — ತಂಗೀ, ನಿನಗೆ. ಮಗಳೇ, ನಿನಗೆ — ನಮಸ್ಕಾರ ಎನ್ನಲೂ ಬಾಯಿ ಬರುತ್ತಿಲ್ಲ. ಹಿಂದೆ ನಿಂತವರು ಆ ಬಾಗಿಲು ಮುಚ್ಚಿ. ಒಂದೇ ಸಲ ಹೇಳುತ್ತೇನೆ. ಎರಡನೇ ಸಲ ಹೇಳಲು ನನ್ನಿಂದ ಆಗದು.

ಸಮವಸ್ತ್ರ ಹೊಲಿಯುವ ನಮ್ಮ ಕಾರ್ಖಾನೆಯಲ್ಲಿ ಹೊಲಿಗೆಯ ಸಾಲು ನನ್ನದು, ಬಟ್ಟೆ ಕತ್ತರಿಸುವ ಮೇಜು ಮಾಸ್ಟರದು. ಮೊನ್ನೆ ಗುರುವಾರ ಊಟ ಮುಗಿದಿತ್ತು. ಕಾಲರಿನ ಬಟ್ಟೆ ಸಾಲದೆಂದು ನನ್ನೊಡನೆ ಜಗಳವೂ ಮುಗಿದಿತ್ತು. ನೀಲಿ ಬಟ್ಟೆ ಹಾಸಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಧಪ್ ಎಂದಿತು. ಬಟ್ಟೆಯ ಥಾನು ಉರುಳಿತೆಂದುಕೊಂಡು ತಲೆ ಎತ್ತದೆಯೇ ಗದರಿದೆ — "ಯಾರ್ರೀ ಅದು ಬೀಳ್ಸಿದ್ದು?"

ಬಿದ್ದದ್ದು ಮಾಸ್ಟರ್.

ಆ ಗೆರೆಯನ್ನು ಹೋಗಿ ನೋಡಿದ್ದೇನೆ. ನೇರವಾಗಿದೆ. ನಿಂತುಹೋದ ಜಾಗದವರೆಗೂ ಕೂದಲೆಳೆಯಷ್ಟು ಡೊಂಕಿಲ್ಲ. ಡಾಕ್ಟರು ಹೇಳುತ್ತಾರೆ, ಹೃದಯ ಸೋತು ಬಹಳ ದಿನ ಆಗಿತ್ತಂತೆ. ಬಹಳ ದಿನ! ಹಾಗಾದರೆ ಗೆರೆ ಹೇಗೆ ನೇರವಾಗಿದೆ? ನಿಮ್ಮನ್ನೇ ಕೇಳುತ್ತಿದ್ದೇನೆ — ಹೇಗೆ?

ಇದಕ್ಕೆ ಉತ್ತರವನ್ನು ಅವರೇ ನನಗೆ ಹೇಳಿದ್ದರು. ನನಗೆ ಆಗ ತಿಳಿಯಲಿಲ್ಲ.

ಭಾನುವಾರ ಅದೇ ಮೇಜಿನ ಸುತ್ತ ಕೂತು ನಾವು ಆಡುತ್ತಿದ್ದ ಆಟ ನಿಮ್ಮಲ್ಲಿ ಹಲವರಿಗೆ ಗೊತ್ತು. ಗೊತ್ತಿಲ್ಲದವರು ಕೇಳಿ. ಒಬ್ಬರು ಕತ್ತಿವೀರ, ಒಬ್ಬರು ಕಳ್ಳಿ, ಒಬ್ಬರು ಮಂತ್ರವಾದಿ. ಮಾಸ್ಟರ್ ಕಥೆ ಹೇಳುತ್ತಾರೆ, ನಾವು ದಾಳ ಹಾಕುತ್ತೇವೆ. ಪ್ರತಿಯೊಬ್ಬರಿಗೂ ಇಷ್ಟು ಅಂತ ಜೀವದ ಪಾಯಿಂಟು. ಏಟು ಬಿದ್ದರೆ ಕಳೆಯುತ್ತದೆ, ಸೊನ್ನೆಯಾದರೆ ಬಿದ್ದ ಹಾಗೆ. "ಬೆಳೆದ ಕತ್ತೆಗಳಿಗೆ ಇದೆಂಥ ಆಟ" ಎಂದು ಬೈಯಲು ಹೋದವಳು ನಾನು. ಕೂತೆ. ಆಮೇಲೆ ಏಳಲಿಲ್ಲ.

ಮೊದಲ ದಿನವೇ ತಕರಾರು ತೆಗೆದೆ. ನಮ್ಮ ಇಸ್ತ್ರಿಯವನೇ ಕತ್ತಿವೀರ. ರಾಕ್ಷಸನ ಕೊಡಲಿ ಏಟು ತಿಂದೂ ತಿಂದೂ ಉಳಿದದ್ದು ಒಂದೇ ಪಾಯಿಂಟು. ಆದರೂ ಮೊದಲಿನ ಹಾಗೆಯೇ ಕುಣಿದಾಡುತ್ತಿದ್ದಾನೆ!

"ಇದೆಂಥ ಲೆಕ್ಕ ಮಾಸ್ಟರ್? ಕೊಡಲಿ ಏಟು ಬಿದ್ರೆ ಕೈಕಾಲು ಆಡತ್ತಾ?"

"ಬಿದ್ದೇ ಇಲ್ಲ ದೊಡ್ಡಮ್ಮ, ತಪ್ಪಿಸ್ಕೊಂಡ. ತಪ್ಪಿಸ್ಕೊಳ್ಳೋಕೆ ಖರ್ಚಾಗಿದ್ದು ಅದು. ಪಾಯಿಂಟು ಅಂದ್ರೆ ರಕ್ತ ಅಲ್ಲ. ಉಸಿರು, ಚುರುಕು, ಅದೃಷ್ಟ, ಹಟ — ಎಲ್ಲಾ ಸೇರ್ಸಿ ಒಂದು ಸಂಖ್ಯೆ. ಕೊನೇದೊಂದು ಹೋದ್ಮೇಲೇನೇ ಏಟು ಮೈಗೆ ತಾಗೋದು."

"ಹಾಗಾದ್ರೆ ಒಂದಿರೋನೂ ನಲವತ್ತಿರೋನೂ ನೋಡೋಕೆ ಒಂದೇನಾ?"

"ಒಂದೇ. ಅದಕ್ಕೇ ಬಾಯ್ಬಿಟ್ಟು ಕೇಳ್ಬೇಕು."

ಅವರು ಕೇಳುತ್ತಿದ್ದರು. ಕಥೆಯಲ್ಲಿ ಯಾವ ಹೊಸ ಬಾಗಿಲು ಬಂದರೂ ತೆರೆಯುವ ಮೊದಲು ಒಬ್ಬೊಬ್ಬರ ಮುಖ ನೋಡಿ — "ಎಷ್ಟಿದೆ?" ಸುಳ್ಳು ಹೇಳುವಂತಿಲ್ಲ. ಹೇಳಿದ್ದನ್ನು ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಕಡಿಮೆ ಇದ್ದವರು ಹಿಂದೆ, ಹೆಚ್ಚಿದ್ದವರು ಮುಂದೆ. ನಾನು ಮಾತ್ರ, "ನನಗೆ ಬೇಕಾದಷ್ಟಿದೆ, ನೀವು ಬಾಗಿಲು ತೆಗೀರಿ" ಎನ್ನುತ್ತಿದ್ದೆ.

"ಬೇಕಾದಷ್ಟು ಅನ್ನೋದು ಸಂಖ್ಯೆ ಅಲ್ಲ, ದೊಡ್ಡಮ್ಮ."

ನಗಬಹುದು. ಎಲ್ಲರೂ ನಗುತ್ತಿದ್ದರು.

ಹೋದ ಭಾನುವಾರ ನನ್ನ ಸೊಸೆ — ಅಗೋ, ಗುಂಡಿಗೆ ಕಾಜಾ ಹಾಕುವವಳು, ಅಲ್ಲಿ ಕಂಬದ ಹತ್ತಿರ ಕೂತಿದ್ದಾಳೆ — ಸುಮ್ಮನೆ ಕೀಟಲೆಗೆ ಕೇಳಿದಳು: "ಎಲ್ಲರದ್ದೂ ಕೇಳ್ತೀರಲ್ಲ, ಮಾಸ್ಟರ್, ನಿಮ್ಮದೆಷ್ಟು?"

"ಆಟ ಆಡ್ಸೋನಿಗೆ ಪಾಯಿಂಟು ಇರಲ್ಲಮ್ಮ" ಎಂದರು. ಅಂಗೈಯಲ್ಲಿ ಮೇಜು ಒರೆಸಿದರು. ಮುಂದಿನ ಬಾಗಿಲು ತೆರೆದರು.

ಆಟದ ನಿಯಮ ಅದು, ನಿಜ. ಆಡಿಸುವವನಿಗೆ ಪಾತ್ರವಿಲ್ಲ, ಪಾಯಿಂಟೂ ಇಲ್ಲ. ಆದರೆ ಮೇಜಿನ ಆ ತುದಿಯಲ್ಲಿ ಕೂತವರು — ಅವರಿಗೂ ಉಸಿರಿತ್ತಲ್ಲ! ಹಟ ಇತ್ತಲ್ಲ! ಎಷ್ಟು ಕೊಡಲಿ ತಪ್ಪಿಸಿಕೊಂಡರೋ, ನಮ್ಮ ಕಣ್ಣೆದುರೇ. ಗೆರೆ ನೇರ ಇದೆ, ಮನುಷ್ಯ ನೆಟ್ಟಗಿದ್ದಾನೆ ಅಂದುಕೊಂಡೆವು. ಆಸ್ಪತ್ರೆಯ ಬೆಂಚಿನಲ್ಲಿ ಈ ತಂಗಿ ನನ್ನ ಕೈ ಹಿಡಿದು ಒಂದೇ ಮಾತು ಹೇಳುತ್ತಿದ್ದಳು — "ಬೆಳಿಗ್ಗೆ ಕೇಳ್ದೆ ಅಕ್ಕಾ, ಆರಾಮಾಗಿದೀನಿ ಅಂದ್ರು. ಆರಾಮಾಗಿದೀನಿ ಅಂದ್ರು."

ತಂಗೀ, ನೀನು ಕೇಳಿದೆ. ಕೇಳಿದವಳು ನೀನೊಬ್ಬಳೇ. ಆರಾಮ ಅನ್ನೋದೂ ಸಂಖ್ಯೆ ಅಲ್ಲ ಎಂದು ಅವರಿಗೆ ತಿರುಗಿಸಿ ಹೇಳುವವರು ಯಾರೂ ಇರಲಿಲ್ಲ.

ಆ ನೀಲಿ ಬಟ್ಟೆಯನ್ನು ಯಾರೂ ಕತ್ತರಿಸಬಾರದು ಎಂದು ಹೇಳಿದ್ದೇನೆ. ಮಾಲೀಕರು ಒಪ್ಪಿದ್ದಾರೆ. ಒಪ್ಪದಿದ್ದರೂ ಕತ್ತರಿಸಲು ಬಿಡುತ್ತಿರಲಿಲ್ಲ.

ಈಗ ಮಾಸ್ಟರಿಗಾಗಿ ಒಂದು ನಿಮಿಷ ಮೌನ. ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ಪಕ್ಕದಲ್ಲಿರುವವರ ಮುಖ ನೋಡಿ, ಮಾಸ್ಟರ್ ಹಾಗೆ ಕೇಳಿ — ಎಷ್ಟಿದೆ? ಕಡಿಮೆ ಇದ್ದವರು ಕೂತೇ ಇರಿ. ನಾಚಿಕೆ ಬೇಡ. ಉಳಿದವರು ಎದ್ದು, ಅವರ ಮುಂದೆ ನಿಲ್ಲಿ.

ಇಸ್ತ್ರಿಯಪ್ಪಾ, ಆ ಕುರ್ಚಿ ಇತ್ತ ತಾ. — ಓಡಿ ಬರಬೇಡಿ, ನನಗೇನೂ ಆಗಿಲ್ಲ. ಕೇಳಿದರೆ ಹೇಳಬೇಕಲ್ಲ, ಅಷ್ಟೆ.

ನನ್ನದು ಇವತ್ತು ಎರಡು, ಮಾಸ್ಟರ್.

ನೀವೆಲ್ಲ ಎದ್ದು ನಿಲ್ಲಿ.